ಹಿಡಿಕೆಯೊಳಗಿನ ಹಸಿರು ಪಟ್ಟಿ

ಮೊನ್ನೆ ಅಂಗಡಿಯಲ್ಲಿ ಕೂತು ಒಂದು ಹಳೆಯ ಟೆನಿಸ್ ಬ್ಯಾಟಿನ ಗ್ರಿಪ್ ಬಿಚ್ಚುತ್ತಿದ್ದೆ. ರಾಕೆಟ್ ಅನ್ನುವುದು ಕಂಪನಿಯವರು ಇಟ್ಟ ಹೆಸರು, ವಿಜಯಪುರದಲ್ಲಿ ನಾವೆಲ್ಲ ಅದಕ್ಕೆ ಬ್ಯಾಟು ಅಂತಲೇ ಅನ್ನುವುದು. ತಂದವರು ಜೈನಾಪುರದ ಒಬ್ಬ ಹುಡುಗಿ ಮತ್ತು ಅವಳ ತಾಯಿ. ಹುಡುಗಿ ನಾನು ಓದಿದ ಶಾಲೆಗೇ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಬ್ಯಾಟು ಶಾಲೆಯಲ್ಲಿ ಕೊಟ್ಟದ್ದಂತೆ. ಹಿಡಿಯಲು ದಪ್ಪ, ಚೆಂಡು ಬಡಿದರೆ ಕೈಯಲ್ಲೇ ಗಿರ್ರನೆ ತಿರುಗುತ್ತದೆ ಎಂಬುದು ಅವಳ ದೂರು. ಮೇಲಿನ ಬಿಳಿ ಗ್ರಿಪ್ ಬಿಚ್ಚಿದೆ. ಕೆಳಗೆ ನೀಲಿಯದೊಂದಿತ್ತು, ಅದರ ಕೆಳಗೆ ಬೆವರು ಕುಡಿದು ಕಪ್ಪಾದ ಮತ್ತೊಂದು. ಎಷ್ಟು ಹುಡುಗಿಯರ ಕೈ ದಾಟಿ ಬಂದಿತ್ತೋ, ಯಾರೂ ಹಳೆಯದನ್ನು ತೆಗೆಯುವ ಗೋಜಿಗೆ ಹೋಗದೆ ಅದರ ಮೇಲೇ ಹೊಸದನ್ನು ಸುತ್ತಿದ್ದರು. ಎಲ್ಲ ಬಿಚ್ಚಿದ ಮೇಲೆ ಒಳಗೆ ಹಸಿರು ಬಟ್ಟೆ ಕಂಡಿತು. ಹತ್ತಿ ಸೀರೆಯಿಂದ ಹರಿದ ಪಟ್ಟಿ, ಒಂದು ಬದಿಗೆ ಕೆಂಪು ಗೆರೆ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ಬ್ಯಾಟನ್ನು ಮೂಗಿಗೆ ಹಿಡಿದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಬೆವರು, ರಬ್ಬರು, ಹಳೇ ಧೂಳು... ಅದರ ಹಿಂದೆ ಮಣೂಕದ ವಾಸನೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ಇಷ್ಟು ವರ್ಷದ ಮೇಲೆ ಬಟ್ಟೆಯಲ್ಲಿ ಮಣೂಕದ ವಾಸನೆ ಉಳಿಯುವುದು ಸಾಧ್ಯವಿಲ್ಲ ಅಂತ ನನಗೂ ಗೊತ್ತು. ಆದರೆ ನನಗೆ ಬಂತು. ಬಣ್ಣವೆಲ್ಲ ಹೋಗಿ ಗುರುತು ಸಿಗದಂತಾಗಿದ್ದ ಆ ಬ್ಯಾಟು ನನ್ನದೇ. ಪಟ್ಟಿ ಸುತ್ತಿದವರು ನಮ್ಮ ಆಟದ ಅಕ್ಕಾರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ನಾವು ಅಕ್ಕಾರು ಅನ್ನುತ್ತಿದ್ದೆವು. ಗಣಿತದ ಅಕ್ಕಾರು, ಹಿಂದಿ ಅಕ್ಕಾರು, ಇವರು ಆಟದ ಅಕ್ಕಾರು. ಹೊನವಾಡದವರು. ಮನೆಯವರದು ದ್ರಾಕ್ಷಿ ತೋಟ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಕೊರಳಲ್ಲಿ ಸೀಟಿ ತೂಗಿಬಿಟ್ಟುಕೊಂಡು ಮೈದಾನಕ್ಕೆ ಇಳಿದರೆಂದರೆ ಆ ಮೈದಾನವನ್ನು ಅವರ ಹೆಸರಿಗೆ ಬರೆದುಕೊಟ್ಟಿದ್ದಾರೆ ಅನಿಸಬೇಕು, ಹಾಗಿತ್ತು ನಡಿಗೆ. ಕೈಚೀಲದಲ್ಲಿ ಸದಾ ಒಂದು ಮಣೂಕದ ಪೊಟ್ಟಣ. ಚೆನ್ನಾಗಿ ಓಡಿದವರಿಗೆ ಒಂದು ಚಿಟಿಕೆ, ಬಿದ್ದು ಎದ್ದು ಓಡಿದವರಿಗೆ ಒಂದು ಹಿಡಿ. ಹುಡುಗಿಯಾಗಿದ್ದಾಗ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಜಿಲ್ಲೆಗೆ ಆಡಿದವರು. ಅದನ್ನು ಮುಚ್ಚಿಡುವ ಜಾಯಮಾನ ಅವರದಲ್ಲ. ಹೊಸ ಹೆಡ್‌ಮಾಸ್ತರು ಬರಲಿ, ಶಾಲೆ ನೋಡಲು ಇನ್‌ಸ್ಪೆಕ್ಟರು ಬರಲಿ, ಮೊದಲನೇ ಮಾತೇ "ನಾ ಜಿಲ್ಲಾಕ್ಕ ಆಡೀನ್ರಿ." ಕೆಲವರು ಹಿಂದಿನಿಂದ ನಗುತ್ತಿದ್ದರು. ನನಗೆ ಮಾತ್ರ ಆ ಜಂಬ ಬಲು ಇಷ್ಟ. ಮಾಡಿದ್ದನ್ನು ಮಾಡಿದ್ದೇನೆ ಅನ್ನಲು ಯಾಕೆ ನಾಚಬೇಕು? ಈ ಗುಣ ನನಗೂ ಅಂಟಿದೆ, ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ಟೆನಿಸ್ಸಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಟೆನಿಸ್ ಇದ್ದದ್ದು ಊರ ಕ್ಲಬ್ಬಿನಲ್ಲಿ. ನಮ್ಮ ಅಪ್ಪನದು ಬಟ್ಟೆ ಅಂಗಡಿ. ಪಕ್ಕದ ಮನೆಯ ವಕೀಲ ಕಾಕಾ ಅಪ್ಪನನ್ನು ಕ್ಲಬ್ಬಿಗೆ ಎಳೆದುಕೊಂಡು ಹೋದರು, ಅಪ್ಪನ ಹಿಂದೆ ನಾನು ಹೋದೆ. ಅಪ್ಪ ಒಂದೇ ತಿಂಗಳಿಗೆ ಚಹಾದ ಮೇಜಿಗೆ ಸೀಮಿತರಾದರು. ನಾನು ಕೋರ್ಟು ಬಿಡಲಿಲ್ಲ.

ವಕೀಲ ಕಾಕಾ ಆ ಕ್ಲಬ್ಬಿನ ಹುಲಿ. ತೊಡೆಯಂಥ ತೋಳು. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆದರೆ ಅದು ಸುತ್ತುತ್ತಾ ಬಂದು ಗೆರೆಯ ಒಳಗೆ ಬಿದ್ದು ಎದೆಯ ಎತ್ತರಕ್ಕೆ ಪುಟಿಯಬೇಕು. ಆಗ ಬ್ಯಾಟಿಗೆ ತಂತಿ ಹಾಕಿಸುವುದು, ಅಂದರೆ ಗಟ್ಟಿಂಗ್ ಮಾಡಿಸುವುದು, ನಮ್ಮ ಊರಲ್ಲಿ ಆಗುತ್ತಿರಲಿಲ್ಲ. ಬ್ಯಾಟುಗಳನ್ನು ಒಂದು ಚೀಲಕ್ಕೆ ತುಂಬಿ ಸೊಲ್ಲಾಪುರದ ಬಸ್ಸಿನಲ್ಲಿ ಕಳಿಸಬೇಕು, ಅಲ್ಲಿಯ ಗಟ್ಟಿಂಗಿನವನು ತಂತಿ ಕಟ್ಟಿ ಇನ್ನೊಂದು ಬಸ್ಸಿಗೆ ಹಾಕಬೇಕು. ಯಾರ ಬ್ಯಾಟಿಗೆ ಎಂಥ ತಂತಿ, ಎಷ್ಟು ಬಿಗಿ ಅಂತ ಬಿಡಿಬಿಡಿಯಾಗಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಹೀಗಾಗಿ ಕ್ಲಬ್ಬಿನಲ್ಲಿ ಒಂದು ಪದ್ಧತಿಯೇ ಬಿದ್ದಿತ್ತು: ಇಡೀ ಚೀಲಕ್ಕೆ ಒಂದೇ ಮಾತು, "ವಕೀಲ್ರ ಹಂಗ." ಅಂದರೆ ಗಡಸು ಪಾಲಿಯೆಸ್ಟರ್ ತಂತಿ, ಎಳೆಯುವಷ್ಟು ಎಳೆದು ಬಿಗಿದದ್ದು. ಬ್ಯಾಂಕಿನವರದೂ ಹಾಗೆ, ಡಾಕ್ಟರರದೂ ಹಾಗೆ, ಹೈಸ್ಕೂಲು ಹುಡುಗಿಯಾದ ನನ್ನದೂ ಹಾಗೆ. ಅದು ಗೌರವ ಅಂತ ನಾನು ತಿಳಿದಿದ್ದೆ. ವಕೀಲ ಕಾಕಾನ ಬ್ಯಾಟಿನಂಥದೇ ಬ್ಯಾಟು ನನ್ನದು ಅಂತ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಮೊಣಕೈ ನೋವು ಶುರುವಾಯಿತು. ಮೊದಲು ಆಡಿದ ಮೇಲೆ, ಆಮೇಲೆ ಆಡುವಾಗ, ಕೊನೆಗೆ ನೀರಿನ ತಂಬಿಗೆ ಎತ್ತಿದರೂ ಚುಳ್ ಅನ್ನುವಷ್ಟು. ಡಾಕ್ಟರು ವಿಶ್ರಾಂತಿ ಅಂದರು. ಅಪ್ಪ ಹೆದರಿದರು. ವಿಭಾಗ ಮಟ್ಟದ ತಂಡಕ್ಕೆ ಹುಡುಗಿಯರ ಆಯ್ಕೆ ನಮ್ಮ ಊರಿನಲ್ಲೇ ನಡೆಯುವುದಿತ್ತು, ನಾನು ವರ್ಷವಿಡೀ ಅದೇ ಕನಸು ಕಂಡವಳು. ಅಪ್ಪ ಬ್ಯಾಟನ್ನು ತೆಗೆದುಕೊಂಡು ತಿಜೋರಿಯ ಮೇಲೆ ಇಟ್ಟರು. "ಕೈ ಉಳಿದ್ರ ಸಾಕವಾ, ಆಟ ಸುಡ್ಲಿ," ಅಂದರು. ನಾನು ಊಟ ಬಿಟ್ಟೆ, ಅತ್ತೆ, ರಂಪ ಮಾಡಿದೆ. ಅಪ್ಪ ಕರಗಲಿಲ್ಲ.

ಶಾಲೆಯ ಮೈದಾನದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ನನ್ನನ್ನು ಅಕ್ಕಾರು ಹಿಡಿದರು. ಎಲ್ಲ ಕೇಳಿಸಿಕೊಂಡರು. ಅದೇ ಸಂಜೆ ತಮ್ಮ ಬಸ್ಸು ಬಿಟ್ಟು ನನ್ನ ಜೊತೆ ಮನೆಗೆ ಬಂದರು, ತಿಜೋರಿಯ ಮೇಲಿನ ಬ್ಯಾಟು ಇಳಿಸಲು ಹೇಳಿದರು. ಉಗುರಿನಿಂದ ತಂತಿ ಮಿಡಿದು ಕಿವಿಗೆ ಹಿಡಿದರು.

"ಇದೇನವಾ ಇದು? ದ್ರಾಕ್ಷಿ ಚಪ್ಪರದ ತಂತಿ ಬಿಗಿಸೀ ಏನ? ಯಾರ ಹೇಳಿದ್ರು ನಿನಗ?"

"ವಕೀಲ ಕಾಕಾರು ಹಿಂಗ ಹಾಕಸ್ತಾರ್ರಿ ಅಕ್ಕಾರ."

"ಅವರ ತೋಳ ನೋಡಿ, ನಿನ್ನ ತೋಳ ನೋಡ್ಕೊ. ಅವರ ಆಟ ಬ್ಯಾರೆ, ನಿನ್ನ ಆಟ ಬ್ಯಾರೆ. ನಿನ್ನ ಆಟ ಯಾವ್ದು, ಹೇಳು ನೋಡೂನು."

ನನಗೆ ಗೊತ್ತಿರಲಿಲ್ಲ. ಆಟಕ್ಕೆ 'ನನ್ನದು' ಅಂತ ಒಂದಿರುತ್ತದೆ ಅಂತಲೇ ಗೊತ್ತಿರಲಿಲ್ಲ.

"ಅಳತಿ ಕೊಡದ ಕುಬಸ ಹೊಲಿಸಿದಂಗಾತಲ್ಲ ಇದು!" ಅಂದವರೇ ಅಪ್ಪನ ಕಡೆ ತಿರುಗಿದರು. "ಅಣ್ಣಾರ, ಈ ಬ್ಯಾಟ್ ಸೆಲೆಕ್ಷನ್ ತನಕ ನನ್ನ ಕಡೆ ಇರ್ಲಿ. ಆವತ್ತ ಹುಡುಗಿ ಕೈ ನೋಯ್ತಂದ್ರ ನಾನ ತಂದು ಇದ ತಿಜೋರಿ ಮ್ಯಾಲ ಇಟ್ಟು ಹೋಗ್ತೀನಿ. ಆಮ್ಯಾಲ ಆಕಿ ಆಡೂದು ಬ್ಯಾಡ, ನಾ ಕೇಳೂದೂ ಇಲ್ಲ."

ಅಪ್ಪ ಒಪ್ಪಿದರು. ಅಕ್ಕಾರ ಎದುರು ಒಪ್ಪದೆ ಇರುವುದು ಕಷ್ಟವಿತ್ತು. ಅವರು ಹೋದ ಮೇಲೆ ನನಗೆ ಹೊಳೆಯಿತು: ಟೆನಿಸ್ ಬ್ಯಾಟನ್ನೇ ಹಿಡಿದಿರದ ಅಕ್ಕಾರು ನನ್ನ ಇಡೀ ಆಟವನ್ನು ಆ ಒಂದು ದಿನದ ಮೇಲೆ ಇಟ್ಟುಬಿಟ್ಟಿದ್ದರು.

ಮೊದಲು ನೋವು ಇಳಿಯುವವರೆಗೆ ಆಡಲು ಬಿಡಲಿಲ್ಲ. ಆ ದಿನಗಳಲ್ಲಿ ಹಿಡಿಕೆ ಸರಿಮಾಡಿದರು. ನನ್ನ ಕೈಗೆ ಬ್ಯಾಟು ಹಿಡಿಸಿ, ಬೆರಳ ತುದಿಗೂ ಅಂಗೈಗೂ ನಡುವೆ ತಮ್ಮ ತೋರುಬೆರಳು ತೂರಿಸಲು ನೋಡಿದರು. ಸಂದಿಯೇ ಇಲ್ಲ, ನನ್ನ ಉಗುರುಗಳು ನನ್ನ ಅಂಗೈಗೇ ಚುಚ್ಚುತ್ತಿದ್ದವು. "ಹಿಡಿಕಿ ಸಣ್ಣದಾತು. ಸಣ್ಣದಿದ್ರ ಬಿಗಿಯಾಗಿ ಹಿಡಿತಿ, ಬಿಗಿ ಹಿಡದ್ರ ಮೊಣಕೈತನಕ ಎಳಿತೈತಿ," ಅಂದರು. ಮರುದಿನ ಹೊನವಾಡದಿಂದ ಬರುವಾಗ ತಮ್ಮ ಹಸಿರು ಸೀರೆಯಿಂದ ಹರಿದ ಪಟ್ಟಿ ತಂದಿದ್ದರು. ತೊಳೆದು ತೊಳೆದು ಮೆತ್ತಗಾದ ಹತ್ತಿ. ಬೆವರು ಹೀರುತ್ತದೆ, ಜಾರುವುದಿಲ್ಲ. ಓರೆಯಾಗಿ ಸುತ್ತುವುದು, ನನ್ನ ಮುಷ್ಟಿಯಲ್ಲಿ ಬೆರಳಿಟ್ಟು ನೋಡುವುದು, ಬಿಚ್ಚಿ ಒಂದು ಸುತ್ತು ಕಡಿಮೆ ಮಾಡುವುದು... ಅವರ ಬೆರಳು ಹಿಡಿಸಿ ಹಿಡಿಸದಂತೆ ಕೂತ ಮೇಲೆಯೇ ಮೇಲಿನ ಗ್ರಿಪ್ ಸುತ್ತಿದ್ದು.

ನೋವು ಇಳಿದ ಮೇಲೆ ಕ್ಲಬ್ಬಿಗೆ ಬಂದರು. ಒಂದು ಕುರ್ಚಿ ಎಳೆದುಕೊಂಡು ಕೋರ್ಟಿನ ಪಕ್ಕ ಕೂತು ನಾನು ಆಡುವುದನ್ನು ಮಣೂಕ ಮೆಲ್ಲುತ್ತಾ ನೋಡಿದರು. ಏಳುವಾಗ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನೀ ಹೊಡಿಯಾಕಿ ಅಲ್ಲ ಬೇ. ನೀ ಬಿಡದಾಕಿ. ಎಲ್ಲಿ ಹಾಕಿದ್ರೂ ಓಡಿ ಬಂದು ತಿರುಗಿ ಕಳಸ್ತಿ. ಎದುರಿನಾಕಿ ಬ್ಯಾಸತ್ತು ತಪ್ಪಬೇಕು, ಅಲ್ಲಿಗೆ ಮುಗೀತು. ಹೊಡಿಯಾವ್ರಿಗೆ ಗಡಸು ತಂತಿ ಸೈ. ಬಿಡದವರಿಗೆ ಮೆತ್ತಗಿಂದು ಬೇಕು, ಚೆಂಡಿಗೆ ಜೀವ ತಂತೀನ ಕೊಡ್ಬೇಕು, ಕೈ ಅಲ್ಲ."

ಬಿಡದಾಕಿ! ನನಗೆ ಆ ದಿನ ಸಿಕ್ಕಷ್ಟು ದೊಡ್ಡ ಬಿರುದು ಆಮೇಲೆ ಯಾರೂ ಕೊಟ್ಟಿಲ್ಲ.

ಇನ್ನು ಗಟ್ಟಿಂಗು. ಅಕ್ಕಾರೇ ಸೊಲ್ಲಾಪುರದವನಿಗೆ ಫೋನು ಹಚ್ಚಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಹತ್ತಾರು ಎಳೆ ಹೊಸೆದು ಮಾಡಿದ ಮೆತ್ತನೆಯ ತಂತಿಯೇ ಆಗಬೇಕು ಅಂದರು. ಬಿಗಿ ಎಷ್ಟು ಅಂತ ಅವನು ಕೇಳಿದಾಗ ತಮ್ಮ ಬಾಲ್ ಬ್ಯಾಡ್ಮಿಂಟನ್ನಿನ ಕೈ ಅಂದಾಜಿನಲ್ಲಿ ಸಡಿಲ ಮಾಡಿಸಿದರು. ಬ್ಯಾಟು ಬಂತು. ಮೊದಲನೇ ಹೊಡೆತಕ್ಕೇ ಚೆಂಡು ಕೋರ್ಟು ದಾಟಿ, ಸುತ್ತಲಿನ ಬೇಲಿಯ ಜಾಳಿಗೆ ದಾಟಿ, ವಕೀಲ ಕಾಕಾನ ಚಹಾದ ಕಪ್ಪಿನ ಪಕ್ಕ ಬಿತ್ತು. ಎರಡನೆಯದು ಬೇವಿನ ಮರ ಹೊಕ್ಕಿತು.

"ಏನ್ರಿ ಅಕ್ಕಾರ," ವಕೀಲ ಕಾಕಾ ಕೂಗಿದರು, "ಹುಡುಗಿ ಟೆನಿಸ್ ಆಡಾಕತ್ತಾಳೋ, ಹೊಲದಾಗ ಹಕ್ಕಿ ಓಡ್ಸಾಕತ್ತಾಳೋ?"

ಕ್ಲಬ್ಬೆಲ್ಲ ನಕ್ಕಿತು. ಅಕ್ಕಾರ ಮುಖದ ಒಂದು ಗೆರೆ ಸಹ ಅಲುಗಲಿಲ್ಲ. "ಇವತ್ತ ಒಂದು ಗೊತ್ತಾತು ನೋಡವಾ," ಅಂದರು ನನಗೆ. ಅವರ ಬಾಯಲ್ಲಿ 'ತಪ್ಪಾಯಿತು' ಅನ್ನುವ ಮಾತು ಎಂದೂ ಬಂದದ್ದಿಲ್ಲ, ಅದರ ಬದಲಿಗೆ ಇದು. ಗೊತ್ತಾದದ್ದು ಏನೆಂದರೆ, ಬಾಲ್ ಬ್ಯಾಡ್ಮಿಂಟನ್ನಿನ ಚೆಂಡು ಉಣ್ಣೆಯದು, ಹಗುರ. ಟೆನಿಸ್ ಚೆಂಡು ಭಾರ. ಸಡಿಲ ತಂತಿಯಲ್ಲಿ ಅದು ಆಳಕ್ಕೆ ಇಳಿದು ಕವಣೆಯ ಕಲ್ಲಿನಂತೆ ಹಾರುತ್ತದೆ. ಬ್ಯಾಟು ಮತ್ತೆ ಸೊಲ್ಲಾಪುರದ ಬಸ್ಸು ಹತ್ತಿತು. ಬಂತು, ಸಾಲದೆ ಮತ್ತೆ ಹೋಯಿತು. ಆ ಬಸ್ಸಿನ ಕಂಡಕ್ಟರು ನನ್ನ ಬ್ಯಾಟನ್ನು ದೂರದಿಂದಲೇ ಗುರುತು ಹಿಡಿಯುವಂತಾದ.

ಚೆಂಡಿನ ವಿಷಯಕ್ಕೂ ಕೈ ಹಾಕಿದರು. ನಾನು ಆಡುತ್ತಿದ್ದದ್ದು ಕ್ಲಬ್ಬಿನವರು ಆಡಿ ಬಿಟ್ಟ ಬೋಳು ಚೆಂಡುಗಳಲ್ಲಿ. ಸಿಮೆಂಟ್ ಕೋರ್ಟಿಗೆ ಉಜ್ಜಿ ಉಜ್ಜಿ ಜುಂಗು ಹೋಗಿ, ಒಳಗಿನ ಗಾಳಿಯೂ ಇಳಿದು, ಮೊಣಕಾಲಿನ ಮೇಲಕ್ಕೆ ಏಳುತ್ತಿರಲಿಲ್ಲ. ಆಯ್ಕೆಯ ದಿನ ಹೊಸ ಡಬ್ಬಿ ಒಡೆಯುತ್ತಾರೆ ಅಂತ ಅಕ್ಕಾರು ಯಾರಿಂದಲೋ ತಿಳಿದುಕೊಂಡು, ನೆಟ್ಟಗೆ ವಕೀಲ ಕಾಕಾನ ಬಳಿ ಹೋಗಿ ಹೊಸ ಚೆಂಡು ಕೇಳಿದರು. ಅಂದು ನಕ್ಕವರೇ ಕೊಟ್ಟರು. ಒಳ್ಳೆಯವರೇ ಅವರು, ತಮ್ಮಂತೆಯೇ ಎಲ್ಲರೂ ಅಂತ ತಿಳಿದಿದ್ದರು ಅಷ್ಟೇ. ಡಬ್ಬಿ ಪುಸ್ ಅಂತ ತೆರೆದುಕೊಂಡಿತು. ಮಧ್ಯಾಹ್ನದ ರಣ ಬಿಸಿಲಿಗೆ ನಿಲ್ಲಿಸಿ ಆಡಿಸಿದರು. ಹೊಸ ಚೆಂಡು, ಕಾದ ಸಿಮೆಂಟು... ಚೆಂಡು ನನ್ನ ಹೆಗಲಿನ ತನಕ ಜಿಗಿಯಿತು. ಮೊದಲ ಕೆಲವು ದಿನ ಒಂದೂ ಗೆರೆಯೊಳಗೆ ಬೀಳಲಿಲ್ಲ. ಆಮೇಲೆ ಬೀಳತೊಡಗಿದವು.

ಆಯ್ಕೆಗೆ ಮುಂಚೆ ಕೊನೆಯ ಸಲ ಬ್ಯಾಟು ಸೊಲ್ಲಾಪುರದಿಂದ ಬಂದಾಗ ನಾನು ಹೌಹಾರಿದೆ. ತಂತಿ ಮೆತ್ತನೆಯದೇ, ಆದರೆ ನನಗೆ ರೂಢಿಯಾಗಿದ್ದಕ್ಕಿಂತ ಬಿಗಿ. ಅಕ್ಕಾರು ಬೇಕೆಂದೇ ಹಾಗೆ ಹೇಳಿ ಕಳಿಸಿದ್ದರು. ಆಯ್ಕೆಯ ದಿನ ಬೆಳಗಿನ ಆಟದಲ್ಲಿ ಒಂದೊಂದು ಹೊಡೆತವೂ ಕೈಗೆ ಬಡಿಯಿತು. ಹೇಗೋ ಗೆದ್ದೆ, ಆದರೆ ನೋವು ಈಗ ಬಂತು, ಆಗ ಬಂತು ಅಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಜಾಳಿಗೆಯ ಆಚೆ ಅಪ್ಪ ನಿಂತಿದ್ದರು. ಅವರು ಚೆಂಡು ನೋಡುತ್ತಿರಲಿಲ್ಲ, ನನ್ನ ಮೊಣಕೈ ನೋಡುತ್ತಿದ್ದರು.

"ಬಿಗಿ ಆಗೈತ್ರಿ ಅಕ್ಕಾರ," ಅಂದೆ, ಅಳು ಬಂದಿತ್ತು.

"ಬಿಸಲ ಏರ್ಲಿ ತಡಿ. ಚಳಿಯಾಗ ಬಿಗದ ಚಪ್ಪರದ ತಂತಿ ಬ್ಯಾಸಗ್ಯಾಗ ಸಡ್ಲಾಗೂದು ನಾ ನೋಡೀನಿ. ಇದೂ ತಂತೀನ."

ಬಿಸಿಲು ಏರಿತು. ತಂಡಕ್ಕೆ ಯಾರು ಅಂತ ತೀರ್ಮಾನಿಸುವ ಕೊನೆಯ ಆಟ ನೆತ್ತಿ ಸುಡುವ ಹೊತ್ತಿಗೆ ಶುರುವಾಯಿತು. ಎದುರಿನವಳು ನನಗಿಂತ ಎತ್ತರ, ನನಗಿಂತ ಜೋರು. ಆದರೆ ಕಾದ ಕೋರ್ಟಿನಲ್ಲಿ ಹೊಸ ಚೆಂಡು ಅವಳ ಮಾತು ಕೇಳಲಿಲ್ಲ. ಹೊಡೆದದ್ದೆಲ್ಲ ಗೆರೆಯ ಆಚೆ ಹಾರಿತು. ನನ್ನ ತಂತಿ ಬಿಸಿಲಿಗೆ ಹದಕ್ಕೆ ಬಂದಿತ್ತು, ಕೈಗೆ ಬಡಿಯುವುದು ನಿಂತಿತ್ತು. ಚೆಂಡು ಬಂತು, ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಅಂಗೈಯೊಳಗೆ ಹಸಿರು ಪಟ್ಟಿ ಬೆವರು ಕುಡಿಯುತ್ತಿತ್ತು, ಹಿಡಿಕೆ ಒಂದು ಎಳೆಯೂ ಜಾರಲಿಲ್ಲ. ಅವಳು ಬೇಸತ್ತಳು. ನಾನು ಬಿಡಲಿಲ್ಲ. ಗೆದ್ದೆ! ನಮ್ಮ ಊರಿನ ಕೋರ್ಟಿನಲ್ಲಿ, ನಮ್ಮ ಊರಿನ ಬಿಸಿಲಿನಲ್ಲಿ ಗೆದ್ದೆ.

ಅಪ್ಪ ಒಳಗೆ ಬಂದು ನನ್ನ ಕೈ ಹಿಡಿದು ನೀಡಿಸಿದರು, ಮಡಿಸಿದರು, ಮೊಣಕೈ ಒತ್ತಿದರು. "ನೋಯ್ತೈತೇನು?" ಇಲ್ಲ ಅಂದೆ. ನಂಬದೆ ಇನ್ನೊಮ್ಮೆ ಒತ್ತಿದರು. ಆಮೇಲೆ ಬ್ಯಾಟನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಮನೆಯಲ್ಲಿ ಅದು ಮತ್ತೆ ತಿಜೋರಿ ಹತ್ತಲಿಲ್ಲ.

ಅಕ್ಕಾರು ಹೊಗಳಲಿಲ್ಲ. ಪೊಟ್ಟಣದಲ್ಲಿ ಉಳಿದ ಮಣೂಕವನ್ನೆಲ್ಲ ನನ್ನ ಕೈಗೆ ಸುರಿದು, "ಬಸ್ಸಿಗೆ ಹೊತ್ತಾತು," ಅಂತ ಹೊರಟುಬಿಟ್ಟರು. ನನಗೆ ಸ್ವಲ್ಪ ಕೆಡುಕೆನಿಸಿತು. ಮರುದಿನ ಅದೇ ಬಸ್ಸಿಗೆ ಟಿಕೋಟಾದಿಂದ ಬರುವ ನನ್ನ ಗೆಳತಿ ಹೇಳಿದಳು: ಅಕ್ಕಾರು ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡಲಿಲ್ಲವಂತೆ. ನಡುವೆ ನಿಂತು, ಕೊಡೆಯನ್ನೇ ಬ್ಯಾಟು ಮಾಡಿಕೊಂಡು, ಇಡೀ ಆಟವನ್ನು ಹೊಡೆತ ಹೊಡೆತವಾಗಿ ಬಸ್ಸಿಗೆಲ್ಲ ಆಡಿ ತೋರಿಸಿದರಂತೆ. "ನಮ್ಮ ಹುಡುಗಿ ಬಿಡಲೇ ಇಲ್ರಿ!" ಅಂದರಂತೆ. ಯಾರದೋ ಟೊಪ್ಪಿಗೆ ಕೊಡೆ ತಗಲಿ ಬಿತ್ತಂತೆ. ಆಮೇಲೆ ನಾನು ಹೊನವಾಡಕ್ಕೆ ಹೋದಾಗಲೆಲ್ಲ ಮುಖ ಕಂಡಿರದ ಜನ "ಬಿಡದಾಕಿ ಬಂದ್ಳು" ಅಂತ ಕರೆದು ಚಹಾ ಕುಡಿಸುತ್ತಿದ್ದರು.

ವಿಭಾಗಕ್ಕೆ ಆಡಿದೆ, ಕಾಲೇಜಿಗೂ ಆಡಿದೆ. ಪತ್ರಿಕೆಯಲ್ಲಿ ಫೋಟೊ ಬರುವಂಥ ಆಟಗಾರ್ತಿ ಆಗಲಿಲ್ಲ, ಅದರ ಕೊರಗೂ ಇಲ್ಲ. ಅಪ್ಪ ಹೊಸ ಬ್ಯಾಟು ಕೊಡಿಸಿದಾಗ ಅಕ್ಕಾರು ಹಳೆಯದನ್ನು ಕೇಳಿ ಶಾಲೆಗೆ ಒಯ್ದರು. "ಗ್ವಾಡಿಗೆ ತೂಗಹಾಕಿ ಏನ ಮಾಡ್ತಿ? ಇನ್ನೊಬ್ಬಾಕಿ ಕಲೀಲಿ," ಅಂದರು. ಕಾಲೇಜು ಮುಗಿದ ಮೇಲೆ ನಾನು ಆಟದ ಸಾಮಾನಿನ ಅಂಗಡಿ ತೆರೆದು, ಗಟ್ಟಿಂಗ್ ಮಷೀನು ತರಿಸಿದೆ. ಈಗ ನಮ್ಮ ಬ್ಯಾಟುಗಳು ಸೊಲ್ಲಾಪುರದ ಬಸ್ಸು ಹತ್ತುವುದಿಲ್ಲ. ಬಬಲೇಶ್ವರದಿಂದ, ಟಿಕೋಟಾದಿಂದ ಹುಡುಗರು ನನ್ನ ಬಳಿಗೇ ಬರುತ್ತಾರೆ. ಹೇಳಿಕೊಳ್ಳುವುದರಲ್ಲಿ ನನಗೇನೂ ನಾಚಿಕೆಯಿಲ್ಲ. ನಿವೃತ್ತರಾದ ಮೇಲೆ ಅಕ್ಕಾರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಯಾವನಾದರೂ ಟೀವಿಯಲ್ಲಿ ಕಂಡ ಆಟಗಾರನ ತಂತಿಯೇ ಬೇಕು ಅಂದರೆ ನಾನು ಬಾಯಿ ತೆರೆಯುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ನಿನ್ನ ಆಟ ಯಾವ್ದಪಾ?" ಎಷ್ಟೋ ಗಿರಾಕಿಗಳು ಹೆದರಿ ಓಡಿದ್ದಾರೆ. ಓಡದೆ ನಿಂತವರು ಇವತ್ತಿಗೂ ನನ್ನ ಗಿರಾಕಿಗಳು.

ಕೊನೆಯ ಸಲ ನೋಡಿದ್ದು ಹೊನವಾಡದ ಮನೆಯಲ್ಲಿ. ಮಾತು ನಿಂತಿತ್ತು. ಪಡಸಾಲೆಯ ಮಂಚದ ಮೇಲೆ ಅಷ್ಟು ಸಣ್ಣಗೆ ಮಲಗಿದ್ದರು... ನಾನು ಪಕ್ಕದಲ್ಲಿ ಕೂತಾಗ ನನ್ನ ಬಲಗೈ ಹುಡುಕಿ ತೆಗೆದುಕೊಂಡರು. ಮುಷ್ಟಿ ಮಡಿಸಿದರು. ಬೆರಳ ತುದಿಗೂ ಅಂಗೈಗೂ ನಡುವೆ ತಮ್ಮ ತೋರುಬೆರಳು ತೂರಿಸಿ, ಹಾಗೆಯೇ ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಿದರು. ಆ ಸಲದ ಮಣೂಕ ಒಣಗುವ ಮೊದಲೇ ಹೋದರು.

ಅಂಗಡಿಯಲ್ಲಿ ಜೈನಾಪುರದ ಹುಡುಗಿ ಕಾಯುತ್ತಿದ್ದಳು. ಹಸಿರು ಪಟ್ಟಿಯ ಮೇಲೆಯೇ ಅವಳಿಗೆ ಬ್ಯಾಟು ಹಿಡಿಸಿ, ಮುಷ್ಟಿಯಲ್ಲಿ ಬೆರಳಿಟ್ಟು ನೋಡಿದೆ. ಪುಟ್ಟ ಕೈ. ನನ್ನ ಬೆರಳು ಸಡಿಲವಾಗಿ ಆಡಿತು.

"ಇರ್ಲಿ ಬಿಡ್ರಿ, ಬಟ್ಟಿ ಚಂದ ಐತಿ, ಅದರ ಮ್ಯಾಲ ಸುತ್ರಿ," ಅಂದಳು ತಾಯಿ.

ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಅಕ್ಕಾರು ಸುತ್ತಿದ್ದು, ಇಷ್ಟು ಕೈ ದಾಟಿ ಉಳಿದದ್ದು, ನಾನು ಬಿಚ್ಚಬೇಕೆ? ಆದರೆ ಅದು ನನ್ನ ಕೈಗೆ ಅಂತ ಸುತ್ತಿದ ಪಟ್ಟಿ. ಇವಳ ಕೈಗೆ ಅದು 'ವಕೀಲ್ರ ಹಂಗ'. ಅಕ್ಕಾರು ಸ್ಟೂಲಿನ ಮೇಲೆ ಇದ್ದಿದ್ದರೆ ಇಷ್ಟು ಹೊತ್ತು ಯೋಚಿಸಿದ್ದಕ್ಕೇ ಬೈಯುತ್ತಿದ್ದರು. ಬಿಚ್ಚಿದೆ. ಕೊನೆಯ ಸುತ್ತು ಬಿಡಿಸುವಾಗ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ತೆಳುವಾದ ಹೊಸ ಗ್ರಿಪ್ಪೊಂದನ್ನೇ ಸುತ್ತಿ ಮತ್ತೆ ಬೆರಳಿಟ್ಟೆ. ಸರಿಯಾಗಿ ಕೂತಿತು.

"ಗಟ್ಟಿಂಗೂ ಮಾಡಬೇಕು," ಅಂದೆ. "ನಿನ್ನ ಆಟ ಯಾವ್ದವಾ?"

ಹುಡುಗಿ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಗೊತ್ತಿಲ್ರಿ ಅಕ್ಕಾರ."

ಮುದುಡಿದ ಹಸಿರು ಪಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವಳಿಗೆ ಹೇಳಿದೆ, "ನಾಳೆ ಮುಂಜಾನೆ ಕೋರ್ಟಿಗೆ ಬಾ. ನೋಡೂನು."